‘ಎಂದೂ ಇಲ್ಲ’ ಅಂದರೆ ಯಾಕೆ ಇಲ್ಲ? ಮಕ್ಕಳ ಪ್ರಶ್ನಾವಳಿಯನ್ನು ನಮ್ಮೂರಿಗೆ ಒಗ್ಗಿಸುವುದರ ಬಗ್ಗೆ

ಪ್ರಶ್ನೆ: ನಾನು ಮೈಸೂರಿನಲ್ಲಿ ಫಿಸಿಯೋಥೆರಪಿಸ್ಟ್. ವಾರಕ್ಕೊಮ್ಮೆ ಮದ್ದೂರು ತಾಲ್ಲೂಕಿನ ಹಳ್ಳಿಗಳಿಗೆ ಹೋಗಿ ಸೆರೆಬ್ರಲ್ ಪಾಲ್ಸಿ (ಮೆದುಳಿನ ತೊಂದರೆಯಿಂದ ಮೈಕೈ ಚಲನೆ ಕಷ್ಟವಾಗುವ ಸ್ಥಿತಿ) ಇರುವ ಮಕ್ಕಳನ್ನು ನೋಡುತ್ತೇನೆ. ಕಾಲಿನ ಬಿಗಿ ಎಷ್ಟು ಸಡಿಲವಾಯಿತು, ಎಷ್ಟು ಹೆಜ್ಜೆ ನಡೆದರು ಎಂದು ಬರೆದಿಡುತ್ತಲೇ ಬಂದಿದ್ದೇನೆ. ಮಗು ಮನೆಯಲ್ಲಿ, ಶಾಲೆಯಲ್ಲಿ, ಊರಲ್ಲಿ ಎಲ್ಲರ ಜೊತೆ ಎಷ್ಟು ಬೆರೆಯುತ್ತದೆ ಅನ್ನುವುದನ್ನೂ ಅಳೆಯಬೇಕು ಅನ್ನಿಸಿತು. ಅದನ್ನೇ ಪೋಷಕರಿಗೆ ಕೇಳುವ ಪೆಮ್-ಸಿವೈ (PEM-CY) ಎಂಬ ಇಂಗ್ಲಿಷ್ ಪ್ರಶ್ನಾವಳಿಯನ್ನು ನಾನೇ ಕನ್ನಡಕ್ಕೆ ಮಾಡಿಕೊಂಡೆ. ಇಂಗ್ಲಿಷ್ ಉಪನ್ಯಾಸಕಿಯಾಗಿರುವ ಗೆಳತಿ ಅದನ್ನು ಮತ್ತೆ ಇಂಗ್ಲಿಷಿಗೆ ತಿರುಗಿಸಿದಾಗ ಹೆಚ್ಚುಕಡಿಮೆ ಮೂಲದಂತೆಯೇ ಬಂತು. ಆದರೆ ತಾಯಂದಿರು ಕೊಟ್ಟ ಉತ್ತರ ನೋಡಿ ಗಾಬರಿಯಾಯಿತು. ಸಮುದಾಯದ ಭಾಗದಲ್ಲಿ ಬಹುಪಾಲು ‘ಎಂದೂ ಇಲ್ಲ’. ಎಷ್ಟು ತೊಡಗಿಕೊಳ್ಳುತ್ತಾನೆ ಅಂದರೆ ಎಲ್ಲದಕ್ಕೂ ‘ಚೆನ್ನಾಗಿ’. ಏನಾದರೂ ಬದಲಾಗಬೇಕಾ ಅಂದರೆ ‘ನಡೆದ್ರೆ ಸಾಕು ಮೇಡಂ’. ನನ್ನ ಅನುವಾದ ಕೆಟ್ಟಿದೆಯೇ? ಪ್ರಶ್ನೆಗಳನ್ನು ಬದಲಾಯಿಸಬಹುದೇ, ಅನುಮತಿ ಬೇಕೇ? ಎಷ್ಟು ಜನರಲ್ಲಿ ಪರೀಕ್ಷಿಸಬೇಕು? ಆಶಾ ಕಾರ್ಯಕರ್ತೆಯರ ಕೈಲಿ ಕೇಳಿಸಿದರೆ ನಡೆಯುತ್ತದೆಯೇ?

ಉತ್ತರ:

ನಿಮ್ಮ ಪತ್ರದಲ್ಲಿ ಐದಾರು ಪ್ರಶ್ನೆಗಳಿದ್ದರೂ ಕಳವಳ ಒಂದೇ: ಈ ಅಂಕಿಗಳನ್ನು ನಂಬಬಹುದೇ? ಈಗಿರುವಂತೆ ನಂಬಬೇಡಿ. ಹಾಗೆಂದು ಹಾಳೆಗಳನ್ನು ಬಿಸಾಡಲೂ ಬೇಡಿ. ತಾಯಂದಿರು ತಪ್ಪು ಉತ್ತರ ಕೊಟ್ಟಿಲ್ಲ. ಅವರು ಯಾವ ಪ್ರಶ್ನೆಗೆ ಉತ್ತರ ಕೊಟ್ಟರು ಅನ್ನುವುದು ನಮಗೆ ಗೊತ್ತಾಗಿಲ್ಲ, ಅಷ್ಟೆ.

ಮೊದಲು ಗೆಳತಿಯ ಮರು ಅನುವಾದದ ವಿಚಾರ. ತಿರುಗಿ ಇಂಗ್ಲಿಷಿಗೆ ಬಂದದ್ದು ಮೂಲಕ್ಕೆ ಹೊಂದಿದರೆ ಕೆಲಸ ಮುಗಿಯಿತು ಅನ್ನುವ ನಂಬಿಕೆ ನಮ್ಮ ಕಾಲೇಜುಗಳಲ್ಲೂ ಗಟ್ಟಿಯಾಗಿ ಕೂತಿದೆ. ನಿಜ ಏನೆಂದರೆ, ಪದಕ್ಕೆ ಪದ ಇಟ್ಟು ಮಾಡಿದ ಅನುವಾದವೇ ಅತ್ಯಂತ ಸಲೀಸಾಗಿ ವಾಪಸ್ ಹೋಗುತ್ತದೆ. ಕನ್ನಡ ಎಷ್ಟು ಇಂಗ್ಲಿಷಿನಂತಿದೆಯೋ ಮರು ಅನುವಾದ ಅಷ್ಟು ಚೆನ್ನಾಗಿ ಬರುತ್ತದೆ. ಒಂದು ಸಾಲು ಬಿಟ್ಟುಹೋಗಿದ್ದರೆ, ‘ಇಲ್ಲ’ ಇರಬೇಕಾದಲ್ಲಿ ‘ಇದೆ’ ಆಗಿದ್ದರೆ ಅದು ಹಿಡಿದುಕೊಡುತ್ತದೆ. ಮದ್ದೂರಿನ ತಾಯಿ ಆ ಸಾಲು ಕೇಳಿದಾಗ ಅವಳ ಮನಸ್ಸಿಗೆ ಏನು ಬಂತು ಅನ್ನುವುದನ್ನು ಹಿಡಿದುಕೊಡುವ ಶಕ್ತಿ ಅದಕ್ಕಿಲ್ಲ. ನಿಮ್ಮ ಗೆಳತಿಗೆ ಇಂಗ್ಲಿಷ್ ಎಷ್ಟೇ ಚೆನ್ನಾಗಿ ಬಂದರೂ ಅವರು ಆ ತಾಯಿಯಲ್ಲವಲ್ಲ.

ಪೆಮ್-ಸಿವೈ ಹೇಗೆ ಹುಟ್ಟಿತು ಅನ್ನುವುದನ್ನು ಸ್ವಲ್ಪ ನೆನಪಿಸಿಕೊಳ್ಳೋಣ. ನಿಮ್ಮ ತೊಂದರೆಯ ಅರ್ಧ ಕಾರಣ ಅಲ್ಲೇ ಇದೆ. ವಿಶ್ವ ಆರೋಗ್ಯ ಸಂಸ್ಥೆ 2001ರಲ್ಲಿ ಐಸಿಎಫ್ ಎಂಬ ಚೌಕಟ್ಟನ್ನು ತಂದಿತು. ಮಗುವಿನ ಸ್ನಾಯು, ಮೂಳೆ ಮಾತ್ರವಲ್ಲ, ಬದುಕಿನ ಸಂದರ್ಭಗಳಲ್ಲಿ ಮಗು ಭಾಗವಹಿಸುವುದೂ ಆರೋಗ್ಯದ ಲೆಕ್ಕಕ್ಕೆ ಬರುತ್ತದೆ ಅಂದಿತು. ಅದರ ಬೆನ್ನಿಗೆ ಅಮೆರಿಕ ಮತ್ತು ಕೆನಡಾದ ವೆಂಡಿ ಕೋಸ್ಟರ್, ಮೇರಿ ಲಾ, ಗ್ಯಾರಿ ಬೆಡೆಲ್ ಮೊದಲಾದವರು 5ರಿಂದ 17 ವರ್ಷದ ಮಕ್ಕಳಿಗಾಗಿ ಇದನ್ನು ರೂಪಿಸಿದರು. ಮನೆಗೆ 10, ಶಾಲೆಗೆ 5, ಸಮುದಾಯಕ್ಕೆ 10, ಒಟ್ಟು 25 ಬಗೆಯ ಚಟುವಟಿಕೆ. ಒಂದೊಂದಕ್ಕೂ ಮೂರು ಪ್ರಶ್ನೆ: ಕಳೆದ ನಾಲ್ಕು ತಿಂಗಳಲ್ಲಿ ಎಷ್ಟು ಸಲ, ಮಾಡುವಾಗ ಎಷ್ಟು ತೊಡಗಿಕೊಳ್ಳುತ್ತದೆ, ಇದರಲ್ಲಿ ಬದಲಾವಣೆ ಬೇಕೇ. ಆಮೇಲೆ ಪರಿಸರದ ಪ್ರಶ್ನೆಗಳು: ಯಾವುದು ನೆರವಾಗುತ್ತದೆ, ಯಾವುದು ಅಡ್ಡಿ. ಮೊದಲ ದೊಡ್ಡ ಅಧ್ಯಯನದಲ್ಲಿ ಆ ಎರಡು ದೇಶಗಳ 576 ಪೋಷಕರು ಉತ್ತರಿಸಿದರು. ಅವರು ಕಂಪ್ಯೂಟರ್ ಮುಂದೆ ಕೂತು, ಇಂಟರ್ನೆಟ್‌ನಲ್ಲಿ, ತಾವೇ ಓದಿ ಗುರುತು ಹಾಕಿದರು.

ನೀವು ಮಾಡಿದ್ದು ಬೇರೆ. ಜಗುಲಿ ಮೇಲೆ ಕೂತು ಓದಿ ಹೇಳಿದಿರಿ. ಪಕ್ಕದಲ್ಲಿ ಅತ್ತೆ, ಬಾಗಿಲಲ್ಲಿ ನೆರೆಮನೆಯವರು, ಎದುರಿಗೆ ದುಡ್ಡು ತೆಗೆದುಕೊಳ್ಳದೆ ಮಗುವನ್ನು ನೋಡುವ ಮೇಡಂ. ಎಂಟು ಆಯ್ಕೆಗಳನ್ನು, ‘ಪ್ರತಿದಿನ’ದಿಂದ ‘ಎಂದೂ ಇಲ್ಲ’ದವರೆಗೆ, ಕಿವಿಯಲ್ಲಿ ಕೇಳಿ ನೆನಪಿಟ್ಟುಕೊಂಡು ಒಂದನ್ನು ಆರಿಸಿ ಅಂದರೆ ನಮಗೂ ನಿಮಗೂ ಆಗುವುದಿಲ್ಲ. ಭಾಷೆ ಬದಲಾಗುವುದಕ್ಕೆ ಮುಂಚೆಯೇ ಉಪಕರಣ ಬದಲಾಗಿಬಿಟ್ಟಿದೆ.

‘ಇಲ್ಲ’ಗಳು ಒಂದೇ ಅಲ್ಲ

ನಾನು ಈ ಕೆಲಸದಲ್ಲಿ ಎಲ್ಲಕ್ಕಿಂತ ಹೆಚ್ಚು ಹೊತ್ತು ಕೊಡುವುದು ಈ ಭಾಗಕ್ಕೆ. ‘ಎಂದೂ ಇಲ್ಲ’ ಅನ್ನುವ ಒಂದೇ ಗುರುತಿನ ಹಿಂದೆ ಕನಿಷ್ಠ ನಾಲ್ಕು ಬೇರೆ ಬೇರೆ ಸಂಗತಿ ಇರಬಹುದು.

ಮಗುವಿನ ದೇಹಕ್ಕೆ ಅದು ಆಗದು ಅನ್ನುವುದು ಒಂದು. ಆಗುತ್ತದೆ, ಆದರೆ ದಾರಿಯಲ್ಲಿ ನಾಲೆ ಏರಿ ಇದೆ, ಬಸ್ಸಿನ ಮೆಟ್ಟಿಲು ಎತ್ತರ, ಎತ್ತಿಕೊಂಡು ಹೋಗುವಷ್ಟು ಹಗುರ ಅಲ್ಲ ಈಗ, ಅಥವಾ ಜನ ಏನೇನೋ ಕೇಳುತ್ತಾರೆಂದು ಮನೆಯವರೇ ಕರೆದೊಯ್ಯುವುದಿಲ್ಲ ಅನ್ನುವುದು ಇನ್ನೊಂದು. ಆ ಊರಿನ ಯಾವ ಮಗುವೂ ಅದನ್ನು ಮಾಡುವುದಿಲ್ಲ ಅನ್ನುವುದು ಮೂರನೆಯದು. ನಾಲ್ಕನೆಯದು ಅತ್ಯಂತ ಮೋಸದ್ದು: ಮಗು ಮಾಡುತ್ತಿದೆ, ಆದರೆ ಪ್ರಶ್ನೆಯಲ್ಲಿ ಕೊಟ್ಟ ಉದಾಹರಣೆಯಲ್ಲಿ ಅದರ ಹೆಸರಿಲ್ಲ, ಹಾಗಾಗಿ ತಾಯಿಗೆ ಹೊಳೆಯಲೇ ಇಲ್ಲ.

ಲೆಕ್ಕ ಹಾಕುವಾಗ ಈ ನಾಲ್ಕೂ ಒಂದೇ ಸೊನ್ನೆ. ಮೊದಲನೆಯದಕ್ಕೆ ಬೇಕಾದದ್ದು ಥೆರಪಿ ಅಥವಾ ಸಾಧನ. ಎರಡನೆಯದಕ್ಕೆ ಬೇಕಾದದ್ದು ಗಾಲಿಕುರ್ಚಿ, ಇಳಿಜಾರು, ಅಥವಾ ಮನೆಯವರ ಜೊತೆ ಮಾತು. ಮೂರನೆಯದಕ್ಕೆ ಏನೂ ಬೇಕಾಗಿಲ್ಲ. ನಾಲ್ಕನೆಯದರಲ್ಲಿ ತಪ್ಪಿರುವುದು ನಮ್ಮ ಹಾಳೆಯಲ್ಲಿ.

ಬಿಡಿಸಿ ನೋಡುವುದಕ್ಕೆ ಸುಲಭದ ದಾರಿ ಒಂದಿದೆ. ಅದೇ ಬೀದಿಯಲ್ಲಿ, ಅದೇ ವಯಸ್ಸಿನ, ಯಾವ ತೊಂದರೆಯೂ ಇಲ್ಲದ ಮಕ್ಕಳ ತಾಯಂದಿರಿಗೆ ಇದೇ ಪ್ರಶ್ನೆ ಕೇಳಿ. ಪೆಮ್-ಸಿವೈ ಮೊದಲಿಂದಲೂ ಎರಡೂ ಬಗೆಯ ಮಕ್ಕಳಿಗೆಂದೇ ಮಾಡಿದ್ದು, ಆದ್ದರಿಂದ ಇದು ನಿಯಮ ಮೀರಿದಂತಲ್ಲ. ಅವರೂ ‘ಎಂದೂ ಇಲ್ಲ’ ಅಂದರೆ ಆ ಪ್ರಶ್ನೆ ಅಂಗವೈಕಲ್ಯವನ್ನು ಅಳೆಯುತ್ತಿಲ್ಲ, ಊರನ್ನು ಅಳೆಯುತ್ತಿದೆ. ‘ಸಂಘಟಿತ ದೈಹಿಕ ಚಟುವಟಿಕೆ’ ಅನ್ನುವುದನ್ನು ತೆಗೆದುಕೊಳ್ಳಿ. ಮೈಸೂರಿನ ಕುವೆಂಪುನಗರದಲ್ಲಿ ಸ್ಕೇಟಿಂಗ್, ಕರಾಟೆ, ಯೋಗ ಕ್ಲಾಸು ಬೀದಿಗೊಂದಿದೆ. ಮದ್ದೂರಿನ ಒಳಹಳ್ಳಿಯಲ್ಲಿ ಮಕ್ಕಳು ಸಂಜೆ ಕಬಡ್ಡಿ ಆಡುತ್ತಾರೆ, ಕ್ರಿಕೆಟ್ ಆಡುತ್ತಾರೆ, ನಾಲೆಯಲ್ಲಿ ಈಜುತ್ತಾರೆ. ಇವಕ್ಕೆ ಫೀಸೂ ಇಲ್ಲ, ಕೋಚೂ ಇಲ್ಲ. ಎಲ್ಲವೂ ‘ಅಸಂಘಟಿತ’ದ ಕಡೆ ಹೋಗಿ ಬೀಳುತ್ತವೆ, ‘ಸಂಘಟಿತ’ ಖಾಲಿ. ಹಳ್ಳಿಯ ಮಗುವಿನ ಅಂಕ ಎರಡು ಅಂಗುಲ ಇಳಿಯಿತು, ಮಗು ಏನೂ ತಪ್ಪು ಮಾಡದೆ.

ಈಗ ನಾಲ್ಕನೆಯ ಬಗೆಯ ‘ಇಲ್ಲ’. ಸಂಕ್ರಾಂತಿಯಲ್ಲಿ ಎಳ್ಳು ಬೀರಲು ಮನೆಮನೆಗೆ ಹೋಗುವುದು, ಹಳ್ಳಿಯಲ್ಲಿ ದನಗಳಿಗೆ ಕಿಚ್ಚು ಹಾಯಿಸುವಾಗ ಜೊತೆಗಿರುವುದು, ಗಣೇಶ ಕೂರಿಸಲು ಹುಡುಗರು ಚಂದಾ ಎತ್ತುವುದು, ನವರಾತ್ರಿಯಲ್ಲಿ ಬೊಂಬೆ ಜೋಡಿಸುವುದು, ಮಾರಿಹಬ್ಬಕ್ಕೆ ನೆಂಟರಿಗೆ ಊಟ ಬಡಿಸುವುದು, ಬೆಳಿಗ್ಗೆ ಡೈರಿಗೆ ಹಾಲು ಹಾಕಿ ಬರುವುದು, ರೇಷ್ಮೆ ಸಾಕುವ ಮನೆಯಲ್ಲಿ ಹಿಪ್ಪುನೇರಳೆ ಸೊಪ್ಪು ಬಿಡಿಸುವುದು, ರಜೆಗೆ ಅಜ್ಜಿಮನೆಯಲ್ಲಿ ಉಳಿಯುವುದು. ಇವೆಲ್ಲ ಆ 25 ತಲೆಬರಹಗಳ ಒಳಗೇ ಕೂರುತ್ತವೆ. ಸಮುದಾಯದ ಕಾರ್ಯಕ್ರಮ, ಧಾರ್ಮಿಕ ಕೂಟ, ಮನೆಗೆಲಸ, ರಾತ್ರಿ ತಂಗುವ ಪ್ರವಾಸ ಎಂದು ಜಾಗ ಇದೆ. ತಲೆಬರಹವನ್ನು ಮುಟ್ಟಬೇಕಾಗಿಯೇ ಇಲ್ಲ. ಕೆಳಗಿನ ಉದಾಹರಣೆಗಳು ನಮ್ಮವಾಗಬೇಕು. ಆ ಉದಾಹರಣೆಗಳನ್ನು ನಾವು ಮೇಜಿನ ಮುಂದೆ ಕೂತು ಊಹಿಸಬಾರದು. ಏಳೆಂಟು ಮನೆಗಳಲ್ಲಿ ‘ನಿನ್ನೆ ಬೆಳಿಗ್ಗೆಯಿಂದ ರಾತ್ರಿವರೆಗೆ ಮಗು ಏನೇನು ಮಾಡಿತು, ಹೋದ ಹಬ್ಬದಲ್ಲಿ ಏನು ಮಾಡಿತು’ ಎಂದು ಕೇಳಿ, ಅವರ ಬಾಯಿಂದ ಬಂದದ್ದನ್ನೇ ಬರೆದುಕೊಳ್ಳಿ.

‘ದುಡ್ಡಿಗಾಗಿ ಕೆಲಸ’ ಅನ್ನುವ ಪ್ರಶ್ನೆಯಲ್ಲಿ ಮಾತ್ರ ಹುಷಾರು. ಕೆನಡಾದಲ್ಲಿ ಹದಿನೈದರ ಹುಡುಗಿ ನೆರೆಮನೆಯ ಕೂಸನ್ನು ನೋಡಿಕೊಂಡು ನಾಲ್ಕು ಕಾಸು ಸಂಪಾದಿಸುವುದು ಹೆಮ್ಮೆಯ ವಿಷಯ. ನಮ್ಮಲ್ಲಿ 2016ರ ತಿದ್ದುಪಡಿಯ ನಂತರ 14 ತುಂಬದ ಮಕ್ಕಳನ್ನು ಕೆಲಸಕ್ಕೆ ಇಟ್ಟುಕೊಳ್ಳುವಂತಿಲ್ಲ. ಶಾಲೆಯ ಹೊತ್ತು ಬಿಟ್ಟು ಮನೆಯವರದೇ ಅಪಾಯವಿಲ್ಲದ ಕಸುಬಿನಲ್ಲಿ ಕೈಜೋಡಿಸುವುದಕ್ಕೆ, ಸಿನಿಮಾ, ಟಿವಿಯಂಥ ಕಡೆ ಬಾಲಕಲಾವಿದರಾಗುವುದಕ್ಕೆ ಷರತ್ತಿನ ಮೇಲೆ ವಿನಾಯಿತಿ. ಹಾಳೆ, ಪೆನ್ನು ಹಿಡಿದವರು ಇದನ್ನು ಕೇಳಿದರೆ ತಾಯಿ ಪಟ್ಟನೆ ‘ಇಲ್ಲ’ ಅನ್ನುತ್ತಾಳೆ, ಅನ್ನಲೇಬೇಕು. ಚಿಕ್ಕ ಮಕ್ಕಳಿಗೆ ಇದನ್ನು ಕೇಳದೆ ಬಿಡಲು ಮೂಲ ತಂಡದ ಒಪ್ಪಿಗೆ ಪಡೆಯುವುದು ಒಳ್ಳೆಯದು.

‘ಚೆನ್ನಾಗಿ’ ಮತ್ತು ‘ನಡೆದ್ರೆ ಸಾಕು’

ಮಂಡ್ಯದ ಕಡೆಯ ಮನೆಗಳಲ್ಲಿ ‘ಎಷ್ಟು ಸಲ’ ಅನ್ನುವುದಕ್ಕೆ ಅಂಕ ಮೇಲೇ ಇರುವುದನ್ನು ಕಂಡಿದ್ದೇನೆ, ಸರಿಯಾದ ಉದಾಹರಣೆ ಕೊಟ್ಟು ಕೇಳಿದರೆ. ‘ಎಲ್ಲೋದ್ರೂ ಕರ್ಕಂಡೋಯ್ತೀವಿ, ಬುಟ್ಟು ಓಗಕ್ಕಾಯ್ತದಾ?’ ಅನ್ನುತ್ತಾರೆ. ಮದುವೆ, ತಿಥಿ, ಜಾತ್ರೆ ಎಲ್ಲಕ್ಕೂ ಮಗು ಹೋಗಿರುತ್ತದೆ. ಹೋಗಿ ಏನು ಮಾಡಿತು ಅಂದರೆ ಅಜ್ಜಿಯ ತೊಡೆ ಮೇಲೆ ಕೂತಿತ್ತು. ಮೈಸೂರಿನ ಬಡಾವಣೆಗಳಲ್ಲಿ ಇದರ ತಿರುಗುಮುರುಗು: ಮದುವೆಗೆ ಕರೆದೊಯ್ಯುವುದೇ ಅಪರೂಪ, ಮನೆಯೊಳಗೆ ಟ್ಯಾಬ್ ಹಿಡಿದರೆ ಪೂರ್ತಿ ಮಗ್ನ. ಹಾಜರಿ ಬೇರೆ, ಒಳಗೊಳ್ಳುವುದು ಬೇರೆ. ಕ್ರಿಸ್ಟೀನ್ ಇಮ್ಸ್ ಮತ್ತು ಸಂಗಡಿಗರು ಭಾಗವಹಿಸುವಿಕೆಯನ್ನು ಈ ಎರಡಾಗಿ ಬಿಡಿಸಿ ತೋರಿಸಿದ್ದು ನಮ್ಮ ಹಳ್ಳಿಗಳನ್ನು ನೋಡಿದವರಿಗೆ ತುಂಬಾ ಉಪಯೋಗಕ್ಕೆ ಬರುತ್ತದೆ. ನಿಮ್ಮ ಮಕ್ಕಳಲ್ಲಿ ನಿಜವಾದ ವ್ಯತ್ಯಾಸ ಇರುವುದು ಎರಡನೆಯದರಲ್ಲಿ. ನಿಮ್ಮ ಹಾಳೆಯಲ್ಲಿ ಸಪ್ಪೆಯಾಗಿ ‘ಚೆನ್ನಾಗಿ’ ಎಂದು ಬಂದಿರುವುದೂ ಅಲ್ಲೇ.

ಯಾಕೆ ಹಾಗೆ? ‘ತೊಡಗಿಕೊಳ್ಳುತ್ತಾನೆಯೇ’ ಅಂದಾಗ ತಾಯಿಗೆ ಕೇಳಿಸುವುದು ‘ಹಟ ಮಾಡದೆ ಇರುತ್ತಾನೆಯೇ’ ಎಂದು. ಸುಮ್ಮನೆ ಕೂತ ಮಗು ಒಳ್ಳೆಯ ಮಗು. ಅಂಥ ಕಡೆ ಒಂದರಿಂದ ಐದರ ಅಳತೆಗೆ ಮೊದಲು ಕಣ್ಣಿಗೆ ಕಾಣುವ ಪ್ರಶ್ನೆ ಬೇಕು: ಆ ಹೊತ್ತಲ್ಲಿ ಏನು ನೋಡುತ್ತಿದ್ದ? ಬೇರೆ ಮಕ್ಕಳು ಕರೆದರೆ ತಿರುಗಿದನೇ? ಮನೆಗೆ ಹೋಗೋಣ ಅಂದಾಗ ಬೇಡ ಅಂದನೇ? ಆಮೇಲೆ ಅದರ ಬಗ್ಗೆ ಮಾತಾಡಿದನೇ, ಸನ್ನೆ ಮಾಡಿದನೇ? ಇವು ಅಂಕಕ್ಕೆ ಸೇರುವುದಿಲ್ಲ. ತಾಯಿ ಅಂಕ ಕೊಡುವ ಮುನ್ನ ಆ ದೃಶ್ಯ ಅವಳ ಕಣ್ಣ ಮುಂದೆ ಬರಲಿ ಎಂದು ಕೇಳುವುದು. ಎಲ್ಲರಿಗೂ ಒಂದೇ ರೀತಿ ಕೇಳಿ, ಕೇಳಿದ್ದನ್ನು ಕೈಪಿಡಿಯಲ್ಲಿ ಬರೆದಿಡಿ.

ಇದಕ್ಕೆ ತಿರುಗಾ, ಮಗು ಮಾಡುವುದನ್ನೂ ‘ಇಲ್ಲ’ ಅನ್ನಿಸುವ ಕಾರಣಗಳಿವೆ, ಅವು ಇಂಗ್ಲಿಷ್ ಪುಸ್ತಕಗಳಲ್ಲಿ ಸುಲಭಕ್ಕೆ ಸಿಗುವುದಿಲ್ಲ. ಮಗು ಚೆನ್ನಾಗಿದೆ ಎಂದು ಜೋರಾಗಿ ಹೇಳಿದರೆ ದೃಷ್ಟಿಯಾದೀತು ಅನ್ನುವವರು ಒಂದು ಕಡೆ. ‘ಮಾಡ್ತಾನೆ’ ಅಂದರೆ ಯುಡಿಐಡಿ ಕಾರ್ಡಿನ (ಅಂಗವಿಕಲರ ಗುರುತಿನ ಚೀಟಿ) ಶೇಕಡಾವಾರು ಇಳಿದು ಮಾಸಾಶನ ನಿಂತುಬಿಡುತ್ತದೆ ಎಂದು ಹೆದರುವವರು ಇನ್ನೊಂದು ಕಡೆ. ಎರಡನೆಯ ಭಯ ಹುಸಿಯೇ ಆಗಿದ್ದರೂ ತಾಯಿಯ ಮಟ್ಟಿಗೆ ಅದು ಪೂರ್ತಿ ನಿಜ. ಹಾಳೆ, ಪೆನ್ನು, ಶೇಕಡಾ ಇವೆಲ್ಲ ಒಟ್ಟಿಗೆ ಬಂದದ್ದನ್ನು ಅವಳು ಕಂಡಿರುವುದು ಮೆಡಿಕಲ್ ಬೋರ್ಡಿನ ಮುಂದೆ ಮಾತ್ರ. ಆದ್ದರಿಂದ ಮೊದಲ ಮಾತೇ ಇದಾಗಲಿ: ‘ಇದಕ್ಕೂ ಕಾರ್ಡಿಗೂ ಪೆನ್ಷನ್ನಿಗೂ ಸಂಬಂಧ ಇಲ್ಲ. ಇದನ್ನು ಯಾವ ಆಫೀಸಿಗೂ ಕೊಡುವುದಿಲ್ಲ.’ ಹೇಳಿದ ಮೇಲೆ ಆ ಮಾತನ್ನು ಉಳಿಸಿಕೊಳ್ಳಿ.

‘ನಡೆದ್ರೆ ಸಾಕು’ ಅನ್ನುವುದು ನಿಮಗೆ ಕೊಟ್ಟ ಉತ್ತರ. ಫಿಸಿಯೋ ಮೇಡಂ ಕೇಳಿದರೆ ಬೇರೇನು ಹೇಳಬೇಕು? ಅದೇ ತಾಯಿ ಅಂಗನವಾಡಿ ಟೀಚರ್ ಹತ್ತಿರ ‘ಮಾತು ಬಂದ್ರೆ ಸಾಕು’ ಅಂದಿರುತ್ತಾಳೆ. ಜೊತೆಗೆ, ‘ಬದಲಾವಣೆ ಬೇಕೇ’ ಅನ್ನುವುದರಲ್ಲಿ ಮನೆಯವರ ಮೇಲೆ, ಶಾಲೆಯ ಮೇಲೆ ದೂರು ಹೇಳಿಸಿದ ವಾಸನೆ ಇದೆ, ಅತ್ತೆ ಪಕ್ಕದಲ್ಲಿರುವಾಗ. ಒಂದು ನಿರ್ದಿಷ್ಟ ಸಂದರ್ಭಕ್ಕೆ ತಗುಲಿಸಿ ಕೇಳಿದರೆ ಬಾಯಿ ಬಿಡುತ್ತಾರೆ. ‘ಮುಂದಿನ ಸಲ ಗಣೇಶ ಕೂರಿಸುವಾಗ ಇವನು ಏನು ಮಾಡಿದರೆ ನಿಮಗೆ ಖುಷಿ?’ ಒಬ್ಬ ತಾಯಿ ನನಗೆ ಹೇಳಿದ್ದು: ಪ್ರಸಾದ ಹಂಚುವ ತಟ್ಟೆ ಇವನ ತೊಡೆ ಮೇಲಿರಲಿ, ಜನ ಇವನ ಹತ್ತಿರ ಬರಲಿ. ಇದಕ್ಕೆ ಒಂದು ಹೆಜ್ಜೆಯೂ ನಡೆಯಬೇಕಾಗಿಲ್ಲ.

‘ಕಳೆದ ನಾಲ್ಕು ತಿಂಗಳು’ ಅನ್ನುವ ಅವಧಿಯನ್ನೂ ಬಿಡಿಸಬೇಕು. ಜೂನ್ ಮೊದಲ ವಾರದಲ್ಲಿ ಕೇಳಿದರೆ ಅದರೊಳಗೆ ಬೇಸಿಗೆ ರಜೆ ಪೂರ್ತಿ ಬಂತು, ಯುಗಾದಿ ಬಂತು, ಅನೇಕ ಊರ ಹಬ್ಬಗಳು ಬಂದವು. ನವೆಂಬರಿನಲ್ಲಿ ಕೇಳಿದರೆ ಗೌರಿಗಣೇಶ, ದಸರಾ. ಆಗಸ್ಟ್ ಕೊನೆಯ ಹೊತ್ತಿಗೆ ಕೇಳಿದರೆ ಬೇಸಿಗೆ ರಜೆಯ ಕೊನೆಯ ಭಾಗ ಬಿಟ್ಟರೆ ಮಳೆ, ಶಾಲೆ, ಕೆಸರು, ಹೆಚ್ಚೇನಿಲ್ಲ. ಥೆರಪಿಗೆ ಮುಂಚೆ ಆಗಸ್ಟಿನಲ್ಲಿ, ನಂತರ ನವೆಂಬರಿನಲ್ಲಿ ಅಳೆದರೆ ಮಗು ಬಹಳ ಸುಧಾರಿಸಿದಂತೆ ಕಾಣುತ್ತದೆ; ಸುಧಾರಿಸಿದ್ದು ಪಂಚಾಂಗ. ತಿಂಗಳ ಲೆಕ್ಕಕ್ಕಿಂತ ‘ಗೌರಿ ಹಬ್ಬದಿಂದ ಈಚೆಗೆ’ ಎಂದು ಗುರುತು ಕೊಟ್ಟು ಕೇಳಿ. ಎರಡು ಅಳತೆಗಳ ನಡುವೆ ಹೋಲಿಕೆ ಬೇಕಿದ್ದರೆ ವರ್ಷದ ಅದೇ ಕಾಲಕ್ಕೆ ಮತ್ತೆ ಹೋಗಿ.

ಎಷ್ಟು ಬದಲಾಯಿಸಬಹುದು, ಯಾರನ್ನು ಕೇಳಬೇಕು

ಮೂಲವನ್ನು ಮುಟ್ಟಲೇಬಾರದು ಅನ್ನುವುದೂ ಸರಿಯಲ್ಲ, ನಮಗೆ ಬೇಕಾದಂತೆ ತಿದ್ದಬಹುದು ಅನ್ನುವುದೂ ಸರಿಯಲ್ಲ. ಇಂಟರ್ನೆಟ್‌ನಲ್ಲಿ ಪಿಡಿಎಫ್ ಸಿಕ್ಕಿತು ಅನ್ನುವುದು ಅನುಮತಿಯಲ್ಲ. ಪೆಮ್-ಸಿವೈಯ ಹಕ್ಕು, ಪರವಾನಗಿಯ ವಿಚಾರವನ್ನು ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದ ಕ್ಯಾನ್‌ಚೈಲ್ಡ್ ಕೇಂದ್ರ ನೋಡಿಕೊಳ್ಳುತ್ತದೆ. ಮೊದಲು ಅಲ್ಲಿಗೆ ಬರೆಯಿರಿ. ಕನ್ನಡದಲ್ಲಿ ಬೇರೆ ಯಾರಾದರೂ ಮಾಡುತ್ತಿದ್ದಾರೆಯೇ ಎಂದೂ ಅದೇ ಪತ್ರದಲ್ಲಿ ಕೇಳಿ. ಒಂದೇ ಊರಿನಲ್ಲಿ ಎರಡು ಕನ್ನಡ ರೂಪ ಓಡಾಡುವುದು ಯಾರಿಗೂ ಒಳ್ಳೆಯದಲ್ಲ. ಉದಾಹರಣೆ ಬದಲಾಯಿಸುವುದಕ್ಕೆ ಸಾಮಾನ್ಯವಾಗಿ ಜಗಳ ಇರುವುದಿಲ್ಲ. ಪ್ರಶ್ನೆ ಸೇರಿಸುವುದು, ತೆಗೆಯುವುದು, ಎಂಟು ಆಯ್ಕೆಗಳನ್ನು ನಾಲ್ಕಕ್ಕೆ ಇಳಿಸುವುದು ಇವೆಲ್ಲ ಅಂಕದ ಅರ್ಥವನ್ನೇ ಕೆಡಿಸುತ್ತವೆ, ಬರಹದಲ್ಲಿ ಒಪ್ಪಿಗೆ ಬೇಕು. ಎಂಟು ಆಯ್ಕೆ ನೆನಪಿಡುವ ಕಷ್ಟಕ್ಕೆ ಆಯ್ಕೆ ಕಡಿಮೆ ಮಾಡುವುದಕ್ಕಿಂತ ದೊಡ್ಡ ಕಾರ್ಡಿನಲ್ಲಿ ಚಿತ್ರ ಬರೆದು ಮುಂದಿಡಿ. ಅಥವಾ ಎರಡು ಹಂತದಲ್ಲಿ ಕೇಳಿ: ಮೊದಲು ‘ವಾರದಲ್ಲೋ, ತಿಂಗಳಲ್ಲೋ, ಯಾವಾಗಲೋ ಒಮ್ಮೆಯೋ’, ಆಮೇಲೆ ಅದರೊಳಗೆ.

ಮಾಡುವ ಕ್ರಮಕ್ಕೆ ಹೆಚ್ಚಿನವರು ಬೀಟನ್ ಮತ್ತು ಸಂಗಡಿಗರು 2000ದಲ್ಲಿ ಪ್ರಕಟಿಸಿದ ಮಾರ್ಗಸೂಚಿ ಹಿಡಿಯುತ್ತಾರೆ. ಇಬ್ಬರು ಬೇರೆಬೇರೆಯಾಗಿ ಕನ್ನಡಕ್ಕೆ ತರುವುದು, ಎರಡನ್ನೂ ಕೂಡಿಸಿ ಒಂದು ಮಾಡುವುದು, ಮೂಲವನ್ನು ಕಾಣದ ಇಬ್ಬರು ತಿರುಗಿ ಇಂಗ್ಲಿಷಿಗೆ ತರುವುದು, ಸಮಿತಿ ಕೂರುವುದು, 30ರಿಂದ 40 ಜನರಲ್ಲಿ ಪೂರ್ವಪರೀಕ್ಷೆ, ಕೊನೆಗೆ ಎಲ್ಲ ಕಾಗದ ಮೂಲ ತಂಡಕ್ಕೆ. ಮೊದಲ ಇಬ್ಬರಲ್ಲಿ ಒಬ್ಬರಿಗೆ ವಿಷಯ ಗೊತ್ತಿರಬೇಕು, ಇನ್ನೊಬ್ಬರಿಗೆ ಗೊತ್ತಿರಬಾರದು ಅನ್ನುತ್ತದೆ ಅದು. ಆ ‘ಗೊತ್ತಿರಬಾರದ’ ವ್ಯಕ್ತಿಯೇ ನನ್ನ ಪ್ರಕಾರ ಇಡೀ ತಂಡದ ಬೆಲೆಬಾಳುವ ಸದಸ್ಯ. ಮಂಡ್ಯ ಕಡೆಯ ಪ್ರೈಮರಿ ಶಾಲೆ ಮೇಷ್ಟ್ರು ಒಬ್ಬರು ಸಿಕ್ಕರೆ ನಿಮ್ಮ ಪುಣ್ಯ. ನಾವು ಥೆರಪಿಸ್ಟುಗಳು ಬರೆಯುವ ಕನ್ನಡ ನಮ್ಮ ಇಲಾಖೆಯ ಕನ್ನಡ. ಭಾಷಾ ಪಂಡಿತರು ಬೇಕಾದರೆ ಮೈಸೂರಿಗೆ ಬರವಿಲ್ಲ. 1969ರಿಂದ ಭಾರತೀಯ ಭಾಷಾ ಸಂಸ್ಥಾನವೇ ಇಲ್ಲಿದೆ. ಆದರೆ ಸಮಿತಿಯಲ್ಲಿ ಪಂಡಿತರ ಸಂಖ್ಯೆ ಹೆಚ್ಚಾದಷ್ಟೂ ‘ಟ್ಯೂಷನ್’ ಹೋಗಿ ‘ಮನೆಪಾಠ’ವಾಗುತ್ತದೆ, ‘ಸ್ಕೂಲ್ ಡೇ’ ಹೋಗಿ ‘ಶಾಲಾ ವಾರ್ಷಿಕೋತ್ಸವ’. ಜನ ಆಡುವುದನ್ನು ಹಾಗೇ ಇಡಿ. ಸಮಿತಿಯಲ್ಲಿ ಇಬ್ಬರಾದರೂ ಪೋಷಕರಿರಲಿ, ಒಬ್ಬರನ್ನು ಮಾತ್ರ ಕೂರಿಸಿದರೆ ಅವರು ಬಾಯಿ ತೆರೆಯುವುದಿಲ್ಲ.

ಪೂರ್ವಪರೀಕ್ಷೆ ಅಂದರೆ ಹಾಳೆ ತುಂಬಿಸುವುದಲ್ಲ. ಪ್ರಶ್ನೆ ಓದಿದ ಮೇಲೆ ‘ಇದು ಕೇಳಿದಾಗ ನಿಮಗೆ ಏನು ನೆನಪಾಯಿತು, ಯಾಕೆ ಈ ಉತ್ತರ ಹೇಳಿದಿರಿ’ ಎಂದು ಕೇಳುವುದು. ಮೂವತ್ತು ಜನರಲ್ಲಿ ಕಾಲುಭಾಗವಾದರೂ ಅಪ್ಪ ಅಥವಾ ಅಜ್ಜಿ ಇರಲಿ; ನಮ್ಮಲ್ಲಿ ಮಗುವಿನ ದಿನ ಅಮ್ಮನಿಗಿಂತ ಅಜ್ಜಿಗೆ ಚೆನ್ನಾಗಿ ಗೊತ್ತಿರುವ ಮನೆ ಬೇಕಾದಷ್ಟಿವೆ. ಅದಾದ ಮೇಲೆ ಎರಡು ವಾರದ ಅಂತರದಲ್ಲಿ ಅದೇ ಜನರಿಗೆ ಮತ್ತೆ ಕೇಳಿ ಉತ್ತರ ನಿಲ್ಲುತ್ತದೆಯೇ ನೋಡಬೇಕು, ಅದಕ್ಕೆ ಐವತ್ತಾದರೂ ಕುಟುಂಬ ಬೇಕು, ನೂರಾದರೆ ಒಳ್ಳೆಯದು. ಅಂಕಿಅಂಶದವರು ಕ್ರೋನ್‌ಬಾಕ್ ಆಲ್ಫಾ (ಪ್ರಶ್ನೆಗಳ ಉತ್ತರಗಳು ಒಂದಕ್ಕೊಂದು ಎಷ್ಟು ಹೊಂದುತ್ತವೆ ಅನ್ನುವ ಅಳತೆ) ಮೇಲೆ ಬಂದಿದೆ ಎಂದು ಕೈ ಕುಲುಕಿದರೆ ಹಿಗ್ಗಬೇಡಿ. ಎಲ್ಲದಕ್ಕೂ ‘ಚೆನ್ನಾಗಿ’ ಅನ್ನುವವರು ಒಂದಿಷ್ಟು ಜನ ಇದ್ದರೂ ಆಲ್ಫಾ ಮೇಲೇರುತ್ತದೆ.

ಪ್ರಬಂಧ, ಪ್ರಕಟಣೆ ಏನಾದರೂ ಮನಸ್ಸಿನಲ್ಲಿದ್ದರೆ ಮೊದಲೇ ನೈತಿಕ ಸಮಿತಿಯ ಒಪ್ಪಿಗೆ ತೆಗೆದುಕೊಳ್ಳಿ. ಐಸಿಎಂಆರ್‌ನ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2017ರ ಮಾರ್ಗಸೂಚಿಯ ಪ್ರಕಾರ ಪೋಷಕರ ಒಪ್ಪಿಗೆಯ ಜೊತೆಗೆ ಏಳು ವರ್ಷ ದಾಟಿದ ಮಗುವಿನ ಸಮ್ಮತಿಯೂ ಬೇಕು, ಹನ್ನೆರಡರವರೆಗೆ ಬಾಯಿಮಾತಿನಲ್ಲಿ, ಆಮೇಲೆ ಬರಹದಲ್ಲಿ.

ನಿಮ್ಮ ಮುಂದಿರುವ ದಾರಿಗಳು

ಪೆಮ್-ಸಿವೈಯನ್ನೇ ಪೂರ್ತಿ ಕ್ರಮದಲ್ಲಿ ಕನ್ನಡಕ್ಕೆ ಒಗ್ಗಿಸುವುದು ಒಬ್ಬರ ಕೆಲಸವಲ್ಲ. ಒಂದು ಕಾಲೇಜಿನ ಬೆಂಬಲ, ವರ್ಷಕ್ಕೂ ಮೀರಿದ ಸಮಯ ಬೇಕು. ಅರ್ಧದಲ್ಲಿ ಬಿಟ್ಟರೆ ಇನ್ನೊಬ್ಬರು ಆ ಅರೆಬೆಂದದ್ದನ್ನು ಫೋಟೋಕಾಪಿ ಮಾಡಿ ಬಳಸುತ್ತಾರೆ. ಆ ಅಪಾಯ ಸಣ್ಣದಲ್ಲ.

ಚಿಕ್ಕದು ಬೇಕಿದ್ದರೆ ಬೆಡೆಲ್ ಅವರದೇ ಕ್ಯಾಸ್ಪ್ (CASP) ಎಂಬ ಇನ್ನೊಂದು ಪ್ರಶ್ನಾವಳಿ ಇದೆ, 20 ಪ್ರಶ್ನೆ. ಅದು ಎಷ್ಟು ಸಲ ಎಂದು ಕೇಳುವುದಿಲ್ಲ. ಅದೇ ವಯಸ್ಸಿನ ಬೇರೆ ಮಕ್ಕಳಿಗೆ ಹೋಲಿಸಿದರೆ ಹೇಗೆ ಎಂದು ಕೇಳುತ್ತದೆ, ‘ಅನ್ವಯಿಸುವುದಿಲ್ಲ’ ಎಂಬ ಆಯ್ಕೆಯೂ ಇದೆ, ಅನ್ವಯಿಸದ್ದು ಲೆಕ್ಕದಿಂದ ಹೊರಗೆ ಉಳಿಯುತ್ತದೆ. ಮೂರನೆಯ ಬಗೆಯ ‘ಇಲ್ಲ’ ಅಲ್ಲಿ ತಾನಾಗಿ ಸೋಸಿಹೋಗುತ್ತದೆ. ತೊಂದರೆ ಏನೆಂದರೆ, ಮನೆಯಲ್ಲೇ ಇರುವ ಮಗುವಿನ ತಾಯಿ ಯಾರಿಗೆ ಹೋಲಿಸುತ್ತಾಳೆ? ಕೆಲವರು ಅಣ್ಣನಿಗೆ, ಕೆಲವರು ವಿಶೇಷ ಶಾಲೆಯಲ್ಲಿ ಕಂಡ ಇನ್ನೊಂದು ಮಗುವಿಗೆ. ಎರಡನೆಯವರಿಗೆ ತಮ್ಮ ಮಗುವೇ ವಾಸಿ ಅನ್ನಿಸುತ್ತದೆ. ಜೊತೆಗೆ, ಎಂಟು ವರ್ಷದ ಹುಡುಗನಿಗೆ ಅಮ್ಮ ಕೈತುತ್ತು ಕೊಡುವುದು ನಮ್ಮಲ್ಲಿ ಕೊರತೆಯಲ್ಲ, ಮುದ್ದು. ಅದನ್ನು ನಿರ್ಬಂಧ ಎಂದು ಗುರುತಿಸಿದರೆ ತಪ್ಪು ನಮ್ಮದೇ.

ಮಕ್ಕಳನ್ನೇ ನೇರವಾಗಿ ಕೇಳುವ ಕೇಪ್ (CAPE) ಎಂಬ ಉಪಕರಣ ಇದೆ. 55 ಚಟುವಟಿಕೆಗಳ ಚಿತ್ರ, 6 ವರ್ಷದಿಂದ ಮೇಲಿನವರಿಗೆ. ಮಗುವಿನ ದನಿ ಕೇಳುವುದು ಅದರ ದೊಡ್ಡ ಗುಣ. ಆದರೆ ಅದರಲ್ಲಿ ಹಿಮದ ಮೇಲಿನ ಆಟಗಳೂ ಇವೆ, ಚಿತ್ರಗಳನ್ನೇ ಹೊಸದಾಗಿ ಬರೆಸಬೇಕು. ನಿಮ್ಮ ಈಗಿನ ಸ್ಥಿತಿಯಲ್ಲಿ ಅದಕ್ಕೆ ಕೈ ಹಾಕಬೇಡಿ ಅನ್ನುತ್ತೇನೆ.

ನಮ್ಮದೇ ಪಟ್ಟಿ ಮೊದಲಿಂದ ಕಟ್ಟಿಬಿಡೋಣ ಅನ್ನುವ ಆಸೆಯೂ ಬರುತ್ತದೆ. ಕೇಳಲು ಹಿತ, ಆದರೆ ಬೇರೆ ಯಾವ ದೇಶದ, ಜಿಲ್ಲೆಯ ಅಧ್ಯಯನದ ಪಕ್ಕದಲ್ಲೂ ಅದನ್ನು ಇಡಲಾಗದು, ಮಂಡ್ಯದ ಪಟ್ಟಿ ಕಲಬುರಗಿಗೆ ಹೊಂದುವುದಿಲ್ಲ.

ನೀವು ಬರೆದದ್ದನ್ನು ನೋಡಿದರೆ ನಿಮಗೆ ಈಗ ಬೇಕಿರುವುದು ಪ್ರಬಂಧವಲ್ಲ, ಮುಂದಿನ ವಾರ ಆ ಮಗುವಿನ ಜೊತೆ ಏನು ಮಾಡಬೇಕು ಅನ್ನುವುದು. ಅದಕ್ಕೆ ಅಂಕವೇ ಬೇಡ. ಪರವಾನಗಿ ಬರುವವರೆಗೆ ನಿಮ್ಮ ಕನ್ನಡ ಹಾಳೆಯನ್ನು ಪಕ್ಕಕ್ಕಿಟ್ಟು, ಮನೆ, ಶಾಲೆ, ಊರು ಎಂದು ಮೂರು ಭಾಗದಲ್ಲಿ ಮಾತಾಡಿಸಿ. ಪ್ರತಿ ‘ಇಲ್ಲ’ಕ್ಕೂ ನಾಲ್ಕರಲ್ಲಿ ಯಾವ ‘ಇಲ್ಲ’ ಎಂದು ಅಂಚಿನಲ್ಲಿ ಬರೆಯಿರಿ. ತಾಯಿಯೇ ಆರಿಸಿದ ಎರಡು ಮೂರು ಸಂದರ್ಭಗಳಿಗೆ ‘ಈಗ ಹತ್ತಕ್ಕೆ ಎಷ್ಟು, ನಿಮಗೆ ಎಷ್ಟು ತೃಪ್ತಿ’ ಎಂದು ಕೇಳಿ ಆರು ತಿಂಗಳ ಮೇಲೆ ಮತ್ತೆ ಕೇಳಬಹುದು. ಸಿಒಪಿಎಂ (COPM) ಎಂಬ ಹಳೆಯ ಉಪಕರಣ ಕೆಲಸ ಮಾಡುವುದೇ ಹೀಗೆ. ಅದನ್ನೇ ಬಳಸುವುದಾದರೆ ಅದಕ್ಕೂ ಪರವಾನಗಿ ಉಂಟು. ಇದರ ಮಿತಿ: ಒಂದು ಮಗುವನ್ನು ಇನ್ನೊಂದಕ್ಕೆ ಹೋಲಿಸಲಾಗದು, ಇಷ್ಟು ಶೇಕಡಾ ಸುಧಾರಣೆ ಎಂದು ದಾನಿಗಳಿಗೆ ವರದಿ ಬರೆಯಲಾಗದು.

ಕೊನೆಯದಾಗಿ ಆಶಾ ಕಾರ್ಯಕರ್ತೆಯರು. ಮನೆಯ ಭಾಗಕ್ಕೆ ಅವರು ಪರವಾಗಿಲ್ಲ, ಮನೆಯೊಳಗೆ ಸಲಿಗೆ ಇದೆ, ಆಡುವ ಮಾತೂ ಅದೇ ಊರಿನದು. ಊರಿನ ಭಾಗಕ್ಕೆ ಬೇಡ. ಆಕೆಯೂ ಅದೇ ಊರಿನವಳು. ದೇವಸ್ಥಾನದ ಒಳಗೆ ಬಿಡಲಿಲ್ಲ, ಇಂಥವರ ಮನೆ ಮಕ್ಕಳು ಆಡಿಸಿಕೊಳ್ಳಲಿಲ್ಲ ಅನ್ನುವುದನ್ನು ಅವಳ ಮುಂದೆ ಯಾರೂ ಹೇಳುವುದಿಲ್ಲ. ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರ ಕೈಯಲ್ಲಿ ಮಾಸಾಶನದ ಕಾಗದಪತ್ರ ಇರುವುದರಿಂದ ಅವರಿಂದಲೂ ಕೇಳಿಸಬೇಡಿ. ಶಾಲೆಯ ಭಾಗವನ್ನು ಮೇಷ್ಟ್ರು ಕೇಳಬಾರದು, ವಿಶೇಷ ಅಗತ್ಯದ ಮಕ್ಕಳಿಗೆಂದು ಬ್ಲಾಕ್ ಮಟ್ಟದಲ್ಲಿರುವ ಬಿಐಇಆರ್‌ಟಿ ಶಿಕ್ಷಕರೂ ಕೇಳಬಾರದು. ಮದ್ದೂರಿನ ಮನೆಗಳಿಗೆ ಮಳವಳ್ಳಿಯಿಂದಲೋ ಪಾಂಡವಪುರದಿಂದಲೋ ಒಬ್ಬ ಹೆಣ್ಣುಮಗಳನ್ನು ತರಬೇತಿ ಕೊಟ್ಟು ಕರೆದುಕೊಂಡು ಹೋಗಿ: ಮಾತು ಅದೇ, ಊರು ಬೇರೆ. ನೀವು ಹೊರಗೆ ಮಗುವಿನ ಜೊತೆ ಆಡುತ್ತಿರಿ, ಅತ್ತೆಯನ್ನೂ ಅಲ್ಲೇ ಮಾತಿಗೆ ಎಳೆಯಿರಿ. ಒಳಗೆ ಅವರಿಬ್ಬರಿಗೂ ಮುಕ್ಕಾಲು ಗಂಟೆ ಬೇಕಾಗುತ್ತದೆ.